ಕೊನೆಯ ಪುಟದ ಗುರುತು

ಸಂಶಯವಿಲ್ಲದೆ ಮನುಷ್ಯಕುಲ ಒಂದು ಹೆಜ್ಜೆಯೂ ಮುಂದೆ ಹೋಗಿಲ್ಲ. ಗ್ರಹಗಳ ದಾರಿಯನ್ನು ಕಂಡುಹಿಡಿದವರು, ರೋಗಗಳ ಮೂಲವನ್ನು ಹುಡುಕಿದವರು, ಸಾಮ್ರಾಜ್ಯಗಳನ್ನು ಕಟ್ಟಿದವರು, ಕೆಡವಿದವರು, ಎಲ್ಲರೂ ಮೊದಲು ಒಂದು ದಿನ ಸುಮ್ಮನೆ ಕೂತು ಯಾವುದರ ಮೇಲೋ ಸಂಶಯಪಟ್ಟವರೇ. ನಾನೂ ನನ್ನ ತಮ್ಮ ರಘುವೂ ಈ ಮಹಾಪರಂಪರೆಗೆ ಸೇರಿದ್ದು ಒಂದು ಬೇಸಿಗೆ ರಜೆಯಲ್ಲಿ, ಬಿಲ್ಡಿಂಗಿನ ಮೆಟ್ಟಿಲ ಮೇಲೆ ಒಗ್ಗರಣೆ ಚುರುಮುರಿ ತಿನ್ನುತ್ತ, ಮೇಲಿನ ಮನೆಯ ದಾಂಡೇಕರ ಕಾಕಾ ಭೂಮಿಯವರು ಹೌದೋ ಅಲ್ಲವೋ ಎಂದು ತೀರ್ಮಾನಿಸಲು ಕೂತಾಗ.

ಆಗ ನಮ್ಮ ಕೊಂಢವಾ ಬಡಾವಣೆಯಲ್ಲಿ ಕಟ್ಟಡಗಳಿಗಿಂತ ಕಟ್ಟಡಕ್ಕೆಂದು ತಂದು ಸುರಿದ ಉಸುಕೇ ಹೆಚ್ಚಿತ್ತು. ತೊಂಬತ್ತರ ದಶಕದ ನಡುವಿನ ವರ್ಷಗಳು. ಪುಣೆಯ ಹಳೆಯ ಪೇಠೆಗಳಲ್ಲಿರುವ ಜನ ನಮ್ಮನ್ನು ‘ಊರ ಹೊರಗಿನವರು’ ಎನ್ನುತ್ತಿದ್ದರು. ಆ ಉಸುಕಿನ ಗುಡ್ಡೆಗಳ ಮೇಲೆ ನಾವು ಲಗೋರಿ ಆಡುತ್ತಿದ್ದೆವು, ಮಂಡಿ ತರಚಿಕೊಂಡು ಮನೆಗೆ ಬರುತ್ತಿದ್ದೆವು. ನನಗೆ ಹನ್ನೊಂದು, ರಘುವಿಗೆ ಒಂಬತ್ತು. ಮನೆಯೊಳಗೆ ಬೆಳಗಾವಿ ಕಡೆಯ ಕನ್ನಡ, ಬಾಗಿಲ ಹೊರಗೆ ಮರಾಠಿ, ಶಾಲೆಯೂ ಮರಾಠಿ. ಹೀಗಾಗಿ ನಮಗೆ ಕನ್ನಡದಲ್ಲಿ ಜಗಳಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ.

ಓದುತ್ತಿದ್ದುದೆಲ್ಲ ಮರಾಠಿಯಲ್ಲಿ, ಅದೂ ಒಂದೇ ಜಾತಿಯ ಪುಸ್ತಕಗಳನ್ನು. ನಮ್ಮ ಸೊಸೈಟಿಯ ನೆಲಮಹಡಿಯಲ್ಲಿ ಲಿಮಯೆ ಕಾಕೂ ಎಂಬವರು ತಮ್ಮ ಮುಂದಿನ ಕೋಣೆಯಲ್ಲಿ ಒಂದು ವಾಚನಾಲಯ ನಡೆಸುತ್ತಿದ್ದರು. ಕೋಣೆಯ ಮೂರು ಗೋಡೆಗೂ ಕಪಾಟು. ಸಂಸಾರದ ಕಾದಂಬರಿಗಳು ಕಣ್ಣಿನ ಎತ್ತರಕ್ಕೆ, ಸಂತರ ಚರಿತ್ರೆಗಳು ಅದಕ್ಕೂ ಮೇಲೆ. ರಾಕೆಟ್ಟು, ಬೇರೆ ಗ್ರಹ, ಕಾಲದೊಳಗೆ ಹಿಂದೆ ಮುಂದೆ ಓಡುವ ಯಂತ್ರ, ಏಳು ಬಾಗಿಲಿನ ಮಾಯಾನಗರಿ, ಮಾತಾಡುವ ಕತ್ತಿ ಮುಂತಾದವು ಮಾತ್ರ ಎಲ್ಲಕ್ಕಿಂತ ಕೆಳಗಿನ ಎರಡು ಸಾಲಿನಲ್ಲಿ, ನೆಲ ಒರೆಸುವ ಅರಿವೆ ತಾಗುವಷ್ಟು ಕೆಳಗೆ. ಆ ಪುಸ್ತಕಗಳಿಗೆ ಹಳೆಯ ಗೋಂದು ಮತ್ತು ಫಿನಾಯಿಲಿನ ವಾಸನೆ ಇತ್ತು. ಇವತ್ತಿಗೂ ಆಸ್ಪತ್ರೆಯ ಪಡಸಾಲೆಯಲ್ಲಿ ಫಿನಾಯಿಲ್ ಮೂಗಿಗೆ ಬಡಿದರೆ ನನಗೆ ಮಂಗಳಗ್ರಹದ ನೆನಪಾಗುತ್ತದೆ.

ಕಾಕೂಗೆ ಮನುಷ್ಯಮಾತ್ರರ ಮೇಲೆ ನಂಬಿಕೆ ಇರಲಿಲ್ಲ. ಅವರ ಅಪನಂಬಿಕೆಗಳೆಲ್ಲ ಫಲಕಗಳಾಗಿ ಗೋಡೆಯ ಮೇಲಿದ್ದವು. ‘ಮಧ್ಯಾಹ್ನ ಒಂದರಿಂದ ನಾಲ್ಕು ವಾಚನಾಲಯ ಮಲಗಿರುತ್ತದೆ. ಗಂಟೆ ಬಾರಿಸಿದರೆ ಏಳುವುದಿಲ್ಲ, ಸಿಟ್ಟಾಗುತ್ತದೆ.’ ‘ಎಣ್ಣೆಗೈಯಲ್ಲಿ ಪುಟ ತಿರುವಬೇಡಿ. ನಿಮ್ಮ ಮನೆಯಲ್ಲಿ ಏನು ಅಡಿಗೆಯಾಗಿತ್ತೆಂದು ಮುಂದಿನ ಓದುಗರು ಕೇಳಿಲ್ಲ.’

ಮನೆಯಲ್ಲೂ ಸಂಶಯಕ್ಕೆ ಬರವಿರಲಿಲ್ಲ. ಅವ್ವನಿಗೆ ಆ ಪುಸ್ತಕಗಳ ಆರೋಗ್ಯದ ಬಗ್ಗೆ ಸಂಶಯ. “ಈ ರಾಕೆಟ್ಟಿನ ಪುಸ್ತಕ ಓದಿ ಓದಿ ತಲಿ ಉಷ್ಣ ಆಗಿಬಿಡ್ತದ. ಎದ್ದು ಮಜ್ಜಿಗಿ ಕುಡೀರಿ,” ಎನ್ನುತ್ತಿದ್ದಳು. ಆ ಬೇಸಿಗೆಗೆ ಅಥಣಿಯಿಂದ ನಮ್ಮಲ್ಲಿ ಬಂದು ಉಳಿದಿದ್ದ ಅಜ್ಜನಿಗಂತೂ ಪುಸ್ತಕ ಬರೆದವರ ಮೇಲೇ ಸಂಶಯ. ಅವರು ನಿವೃತ್ತ ಹೆಡ್‌ಮಾಸ್ತರ. ಬಂದ ಮದುವೆಯ ಆಮಂತ್ರಣಪತ್ರಗಳನ್ನೂ ಪೆನ್ಸಿಲ್ಲಿನಿಂದ ತಿದ್ದಿ, ಕಳಿಸಿದವರಿಗೇ ವಾಪಸು ಕಳಿಸಿದ್ದ ಖ್ಯಾತಿ ಅವರದು.

“ಏನದು?”

“ಕಾದಂಬರಿ, ಅಜ್ಜಾ. ಶನಿಗ್ರಹದ ಮ್ಯಾಲಿಂದು.”

“ಬರದಾವ ಹೋಗಿ ಬಂದಾನ?”

“ಇಲ್ಲ.”

“ಮತ್ತ ಹಸೀ ಸುಳ್ಳು. ಮುಚ್ಚಿಡು. ಪಾಟಿ ತಗೊಂಡು ಬಾ, ಅಕ್ಷರ ಬರಸ್ತೇನಿ.”

ದಿನಾ ಹನ್ನೊಂದು ಗಂಟೆಗೆ ಕನ್ನಡ ಕಲಿಸುವುದೆಂದು ಅಜ್ಜ ಪಣ ತೊಟ್ಟಿದ್ದರು, ತಪ್ಪಿಸಿಕೊಳ್ಳುವುದೆಂದು ನಾವು. ರಘುವಿಗೆ ಸರಿಯಾಗಿ ಹನ್ನೊಂದಕ್ಕೆ ಹೊಟ್ಟೆ ನೋಯುತ್ತಿತ್ತು. ಏಪ್ರಿಲಿನಲ್ಲಿ ಶುರುವಾದ ವರ್ಣಮಾಲೆ ಮೇ ಅರ್ಧ ಕಳೆದರೂ ‘ಣ’ ದಾಟಿರಲಿಲ್ಲ. ಪುಸ್ತಕಗಳನ್ನು ಅಜ್ಜನ ಕಣ್ಣಿಗೆ ಬೀಳದಂತೆ ಹಾಸಿಗೆಯ ಸುರುಳಿಯೊಳಗೆ ಅಡಗಿಸಿ ನಾವು ಆಡಲು ಇಳಿಯುತ್ತಿದ್ದೆವು.

ಈ ಎಲ್ಲ ಸಂಶಯಗಳ ನಡುವೆ ನಮ್ಮನ್ನೂ ನಮ್ಮ ಪುಸ್ತಕಗಳನ್ನೂ ಸಂಶಯಿಸದ ಹಿರಿಯರು ಒಬ್ಬರೇ: ದಾಂಡೇಕರ ಕಾಕಾ. ಯಾವುದೋ ಕಾರ್ಖಾನೆಯಿಂದ ನಿವೃತ್ತರಾಗಿ ಒಬ್ಬರೇ ಇದ್ದವರು. ಪ್ರತಿ ಗುರುವಾರ ನಾಲ್ಕೂಕಾಲಿಗೆ ಬಟ್ಟೆಯ ಚೀಲ ಹಿಡಿದು ಇಳಿದು, ಕಾಕೂರ ಕಪಾಟಿನೆದುರು ಕಷ್ಟಪಟ್ಟು ಮಂಡಿಯೂರಿ, ಕೆಳಗಿನ ಎರಡು ಸಾಲಿನಿಂದಲೇ ಎರಡು ಪುಸ್ತಕ ಒಯ್ಯುತ್ತಿದ್ದರು. ಇಡೀ ಸೊಸೈಟಿಯಲ್ಲಿ ಆ ಸಾಲುಗಳ ಓದುಗರು ನಾವು ಮತ್ತು ಅವರು. ಮೆಟ್ಟಿಲಲ್ಲಿ ಎದುರಾದರೆ ನಿಂತು ಕೇಳುತ್ತಿದ್ದರು.

“ಕಾಯ್ ಗ ಪದ್ಮಾ, ಎಷ್ಟನೇ ಪುಟ?”

“ನೂರಾ ಹತ್ತು ಕಾಕಾ. ಕ್ಯಾಪ್ಟನ್ನು ಹಡಗಿನ ಹೊರಗೇ ಉಳಿದುಬಿಟ್ಟ.”

“ಬಸ್, ಬಸ್! ಮುಂದೆ ಹೇಳಬೇಡ. ನಿಮ್ಮದು ಮುಗಿದ ಮೇಲೆ ನಾನು ಒಯ್ಯುವುದಿದೆ.” ಎರಡೂ ಕಿವಿ ಮುಚ್ಚಿಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಅರವತ್ತು ದಾಟಿದ ಮನುಷ್ಯ ಹನ್ನೊಂದರ ಹುಡುಗಿಗೆ ಹೆದರಿ ಓಡುವುದು ನನಗೆ ಎಂಥ ಗೌರವವೆನಿಸುತ್ತಿತ್ತೆಂದರೆ, ಮೂರು ದಿನ ನಾನು ಯಾರ ಮಾತೂ ಕೇಳುತ್ತಿರಲಿಲ್ಲ.

ಇಂಥವರ ಮೇಲೆ ನಾವು ಸಂಶಯಪಟ್ಟದ್ದು ಹೇಗೆ ಎಂದು ಹೇಳಬೇಕು.

ಆ ಮೇ ತಿಂಗಳು ನಾವು ಓದಿದ ಒಂದು ಕಾದಂಬರಿಯಲ್ಲಿ ಬೇರೆ ಗ್ರಹದವರು ಬಾಡಿಗೆದಾರರ ವೇಷದಲ್ಲಿ ಒಂದು ವಾಡೆಗೆ ಬಂದು ನೆಲೆಸುತ್ತಾರೆ. ತಮ್ಮವರಿಗೆ ಮಾತ್ರ ತಿಳಿಯುವ ಗುರುತುಗಳನ್ನು ಅಲ್ಲಲ್ಲಿ ಬರೆದಿಡುತ್ತಾರೆ. ನಾವು ಉಸಿರು ಬಿಗಿಹಿಡಿದು ಕೊನೆಯ ಪುಟಕ್ಕೆ ಬಂದೆವು. ಅಲ್ಲಿ, ಕಥೆ ಮುಗಿದ ಕೆಳಗೆ, ಬಲಮೂಲೆಯಲ್ಲಿ, ಸಣ್ಣ ಪೆನ್ಸಿಲ್ ಗುರುತೊಂದಿತ್ತು. ದಾರದ ಗಂಟಿನಂಥದು. ಅದು ದೇವನಾಗರಿಯಲ್ಲ, ಇಂಗ್ಲಿಷೂ ಅಲ್ಲ.

“ಅಕ್ಕಾ,” ಎಂದ ರಘು, ದನಿ ಇಳಿಸಿ. “ಹಿಂದಿನ ಪುಸ್ತಕದಾಗೂ ಇತ್ತಲಾ? ಬ್ಯಾರೇದು. ಕೊಕ್ಕಿಗತೆ.”

ಹೋಗಿ ನೋಡಿದೆವು. ಇತ್ತು. ಆ ರಜೆಯಲ್ಲಿ ನಾವು ಓದಿ ಮರಳಿಸಿದ ಹದಿನೇಳು ಪುಸ್ತಕಗಳಲ್ಲೂ ಕೊನೆಯ ಪುಟದಲ್ಲಿ ಇಂಥದೊಂದು ಗುರುತು ಇತ್ತು. ಕೆಲವಕ್ಕೆ ಗಂಟು, ಕೆಲವಕ್ಕೆ ಕೊಕ್ಕೆ, ಒಂದೆರಡಕ್ಕೆ ಬಾಲವುಳ್ಳ ಹುಳ. ಸಂಸಾರದ ಕಾದಂಬರಿಗಳಲ್ಲಿ ಹುಡುಕಿದೆವು; ಒಂದೂ ಇಲ್ಲ. ಸಂತರನ್ನು ಯಾರೂ ಮುಟ್ಟಿರಲಿಲ್ಲ.

ಪ್ರತಿ ಪುಸ್ತಕದ ರಟ್ಟಿನೊಳಗೆ ಒಂದು ಚೀಟಿ ಅಂಟಿಸಿ, ಒಯ್ದವರ ಸದಸ್ಯ ಸಂಖ್ಯೆಯನ್ನು ಕಾಕೂ ಬರೆಯುತ್ತಿದ್ದರು. ಹದಿನೇಳರಲ್ಲೂ ಮೂವತ್ತೊಂದು ಇತ್ತು. ಅದು ದಾಂಡೇಕರ ಕಾಕಾರದು. ಹದಿನೇಳರಲ್ಲೂ ಎಂಬತ್ತೇಳೂ ಇತ್ತು. ಅದು ನಮ್ಮದು. ಆದರೆ ನಾವು ನಾವೇ ಎಂಬುದು ನಮಗೆ ಗೊತ್ತಿದ್ದುದರಿಂದ ಆ ಎಳೆಯನ್ನು ಅಲ್ಲಿಗೇ ಬಿಟ್ಟೆವು. ಪುಸ್ತಕ ನಮ್ಮ ಮನೆಗೆ ಬರುವ ಮೊದಲೇ ಗುರುತು ಇತ್ತೋ, ಬಂದಮೇಲೆ ಹುಟ್ಟಿತೋ ಎಂದು ನೋಡಿದವರೂ ಇಲ್ಲ. ಕೊನೆಯ ಪುಟವನ್ನು ಮೊದಲೇ ತೆರೆಯುವುದು ನಮ್ಮಿಬ್ಬರ ಧರ್ಮದಲ್ಲಿ ಮಹಾಪಾಪವಾಗಿತ್ತು.

ಮೆಟ್ಟಿಲ ಮೇಲೆ ವಿಚಾರಣೆ ನಡೆಯಿತು.

“ಮೇ ತಿಂಗಳದಾಗ ಸ್ವೆಟರ್ ಹಾಕ್ತಾರ,” ಎಂದ ರಘು.

“ವಯಸ್ಸಾಗ್ಯದ.”

“ಅಜ್ಜಗೂ ಆಗ್ಯದ. ಅಜ್ಜ ಬನೀನು ಸೈತ ಹಾಕೂದಿಲ್ಲ. ಮತ್ತ ದಿನಾ ಗಚ್ಚಿಗೆ ಹೋಗಿ ಟೀವಿ ಆಂಟೆನಾ ತಿರಗಸ್ತಾರ. ಅವ್ರ ಮನ್ಯಾಗ ಟೀವಿ ಎಷ್ಟ ಸಲಾ ಹಚ್ಚಿದ್ದು ಕೇಳೀದಿ?”

ಒಂದು ಸಲವೂ ಕೇಳಿರಲಿಲ್ಲ. ಅದು ಬಹಳ ಬಿಗಿಯಾದ ಸಾಕ್ಷ್ಯವೆಂದು ಆಗ ತೋರಿತು.

ಇಷ್ಟಕ್ಕೇ ಬಿಟ್ಟಿದ್ದರೆ ಆಟವಾಗಿ ಮುಗಿಯುತ್ತಿತ್ತು. ಆದರೆ ವರ್ಷಕ್ಕೊಮ್ಮೆ ಪುಸ್ತಕಗಳನ್ನೆಲ್ಲ ಒರೆಸಿ ಪರೀಕ್ಷಿಸುವ ಕಾಕೂ ಆ ವಾರವೇ ಕೆಳಗಿನ ಸಾಲಿಗೆ ಬಂದರು. ಮರುದಿನ ಹೊಸ ಫಲಕ: ‘ಪುಸ್ತಕದ ಕೊನೆಯಲ್ಲಿ ಗುರುತು ಬರೆಯುವ ವಿದ್ವಾಂಸರು ಎಂಟು ದಿನದೊಳಗೆ ದರ್ಶನ ಕೊಡಬೇಕು. ಕೊಡದಿದ್ದರೆ ಕೆಳಗಿನ ಎರಡೂ ಸಾಲು ರದ್ದಿಯವನಿಗೆ.’

ನಾನು ಫಲಕವನ್ನು ಎರಡು ಸಲ ಓದಿದೆ. ಮಾಯಾನಗರಿಯ ಮೂರನೆಯ ಭಾಗ ಇನ್ನೂ ಓದುವುದಿತ್ತು. ಏಳು ಬಾಗಿಲಲ್ಲಿ ನಾಲ್ಕು ಮಾತ್ರ ತೆರೆದಿದ್ದವು.

ಏಳು ದಿನ ಯಾವ ವಿದ್ವಾಂಸರೂ ಬರಲಿಲ್ಲ. ಎಂಟನೆಯ ದಿನ ನಾಲ್ಕು ಗಂಟೆ ಹೊಡೆಯುತ್ತಲೇ ನಾನೂ ರಘುವೂ ಒಳಗೆ ಹೋಗಿ ನಿಂತೆವು. ಹೇಳಿದವಳು ನಾನು. “ಕಾಕೂ, ಎಲ್ಲಾ ಚೀಟಿಯಲ್ಲೂ ಮೂವತ್ತೊಂದು ಇದೆ ನೋಡಿ.” ದಾಂಡೇಕರ ಕಾಕಾ ಬೇರೆ ಗ್ರಹದವರೆಂದು ಆ ಹೊತ್ತಿಗೆ ನಾನು ನಿಜವಾಗಿ ನಂಬಿದ್ದೆನೇ ಎಂದರೆ, ಇಲ್ಲ. ಗುರುತು ಅವರದೇ ಎಂದು ನಂಬಿದ್ದೆ. ಅಥವಾ, ನಂಬಿದರೆ ಸಾಲು ಉಳಿಯುತ್ತದೆಂದು ನಂಬಿದ್ದೆ.

ಕಾಕೂ ಕನ್ನಡಕದ ಮೇಲಿನಿಂದ ನೋಡಿದರು. “ಎಂಬತ್ತೇಳೂ ಇದೆ.” ಎರಡು ಹರಕು ಕಾಗದ ಮುಂದಿಟ್ಟರು. “ಈ ಗುರುತು ನೋಡಿ ಬರೆಯಿರಿ.”

ಬರೆದೆವು. ರಘುವಿನದು ಕುಂಬಳಕಾಯಿಯಾಯಿತು, ನನ್ನದು ಕಿವಿ ಮುರಿದ ಮೊಲವಾಯಿತು. ಬರೆಯಲು ಬಾರದಿದ್ದುದೇ ನಮ್ಮ ಪ್ರಾಮಾಣಿಕತೆಯ ದಾಖಲೆಯಾಯಿತು. ಆ ಮೊಲ ನನ್ನ ಸ್ವಾಭಿಮಾನಕ್ಕೆ ತಾಗಿ, ಮನೆಗೆ ಹೋಗಿ ನೋಟುಬುಕ್ಕಿನ ಹಿಂದೆ ಆ ಗಂಟನ್ನೂ ಕೊಕ್ಕೆಯನ್ನೂ ಹುಳವನ್ನೂ ನಾನು ನೂರು ಸಲ ತಿದ್ದಿದೆ.

ಗುರುವಾರ ದಾಂಡೇಕರ ಕಾಕಾ ಬಂದಾಗ ಕಾಕೂ ಅವರ ಮುಂದೆಯೂ ಕಾಗದ ಇಟ್ಟರು. ನಾವು ಕಿಟಕಿಯ ಹೊರಗಿದ್ದೆವು.

“ಇದು ನನ್ನದಲ್ಲ,” ಎಂದರು ಅವರು.

“ಹಾಗಿದ್ದರೆ ಬರೆದು ತೋರಿಸಿ.”

“ಲಿಮಯೆ ಬಾಯಿ, ನನ್ನದಲ್ಲ ಎಂದು ಹೇಳಿದೆ. ಕಳ್ಳನ ಹಾಗೆ ಕೈಬರಹ ಕೊಡುವುದಿಲ್ಲ.”

ಮಾತು ಅಷ್ಟೇ. ಅವರು ಎರಡು ಪುಸ್ತಕಗಳನ್ನು ಮೇಜಿನ ಮೇಲಿಟ್ಟು, ಖಾಲಿ ಚೀಲವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ಹೊರಗೆ ಬಂದರು. ಸಂಜೆಗೆ ಫಲಕದ ಮೇಲೆ ‘ಕಾರ್ಡ್ ನಂ. ३१ ರದ್ದು’ ಎಂದು ಮರಾಠಿ ಅಂಕಿಯಲ್ಲಿ ಬಿತ್ತು. ಹಾಲು ತರುವವರು, ಇಸ್ತ್ರಿ ಒಯ್ಯುವವರು ಎಲ್ಲ ಓದಿಕೊಂಡು ಹೋದರು. ಕೆಳಗಿನ ಸಾಲು ಉಳಿಯಿತು. ನಾನು ಮಾಯಾನಗರಿಯ ಮೂರನೆಯ ಭಾಗ ತಂದೆ. ಐದನೆಯ ಬಾಗಿಲು ತೆರೆಯಿತು. ಅದರೊಳಗೆ ಏನಿತ್ತೆಂದು ಆಗಲೂ ನೆನಪಿರಲಿಲ್ಲ, ಈಗಲೂ ಇಲ್ಲ. ಮುಂದಿನ ಗುರುವಾರ ನಾಲ್ಕೂಕಾಲಿಗೆ ನಾನು ಬಾಲ್ಕನಿಯಲ್ಲಿದ್ದೆ. ದಾಂಡೇಕರ ಕಾಕಾ ಚೀಲ ಹಿಡಿದು ಕೆಳಗಿಳಿದರು. ವಾಚನಾಲಯದ ಕಡೆಗೆ ನಾಲ್ಕು ಹೆಜ್ಜೆ ಹಾಕಿ ನಿಂತರು. ಆಮೇಲೆ ತಿರುಗಿ ಮೇಲೆ ಹೋದರು.

“ಅವ್ರೇ ಬರದಾರಲಾ ಅಕ್ಕಾ?” ಎಂದು ರಘು ಕೇಳಿದ.

“ಹೂಂ,” ಎಂದೆ.

ಜೂನಿನ ಮೊದಲ ವಾರ ಅಜ್ಜ ನಮ್ಮನ್ನು ಕೊನೆಗೂ ಹಿಡಿದು ಕೂಡಿಸಿದರು. ‘ಳ’ ಮುಗಿದಿತ್ತು. ಮಾವಿನ ಸೀಕರಣೆಯ ಊಟವಾಗಿ ಹೊಟ್ಟೆನೋವಿನ ನೆಪಕ್ಕೆ ಜಾಗವಿರಲಿಲ್ಲ.

“ಇವತ್ತ ಅಂಕಿ. ಮರಾಠಿ ಅಂಕಿ ಅಲ್ಲ, ನಮ್ಮವು. ನೋಡು, ಇದು ಒಂದು. ಇದು ಎರಡು.” ಪಾಟಿಯ ಮೇಲೆ ಬಳಪ ಕಿರುಗುಟ್ಟಿತು. ೧, ೨, ೩, ೪. ಆಮೇಲೆ ಅಜ್ಜ ದಾರದ ಗಂಟೊಂದನ್ನು ಬರೆದರು.

“ಇದು ಐದು.”

ನಾನು ಅವರ ಕೈಯಿಂದ ಬಳಪ ತೆಗೆದುಕೊಂಡು, ಕೇಳದೆಯೇ, ಅದರ ಮುಂದೆ ಬಾಲದ ಹುಳವನ್ನೂ ಕೊಕ್ಕೆಯನ್ನೂ ಬರೆದೆ. ೬. ೮.

“ಅಗದೀ ಸುದ್ದ!” ಅಜ್ಜ ಹಿಗ್ಗಿದರು. “ಏಳು ಬಿಟ್ಟೀದಿ. ಆದ್ರ ಅಕ್ಷರ ಮುತ್ತಿನಂಗ ಅದ. ಎಲ್ಲಿ ಕಲ್ತಿ?”

ಓದುಗರು ಇದನ್ನು ಬಹಳ ಹಿಂದೆಯೇ ಊಹಿಸಿರುತ್ತಾರೆ. ಕನ್ನಡ ಓದಬಲ್ಲ ಯಾವ ಮಗುವೂ ಆ ಕೊನೆಯ ಪುಟಗಳನ್ನು ನೋಡಿ ಐದು, ಎಂಟು, ಆರು ಎಂದು ಓದಿ ಮುಂದೆ ಹೋಗುತ್ತಿತ್ತು. ನಾವು ಮಾತ್ರ ನಮ್ಮ ಮನೆಯ ಅಕ್ಷರವನ್ನು ಬೇರೆ ಗ್ರಹದ್ದೆಂದು ತಿಳಿದು, ಮೇಲಿನ ಮನೆಯವರ ತಲೆಗೆ ಕಟ್ಟಿದ್ದೆವು.

“ಅಜ್ಜಾ, ನೀವು ನಮ್ಮ ಪುಸ್ತಕ ಓದ್ತೀರಿ?”

ಅಜ್ಜ ಕನ್ನಡಕ ತೆಗೆದರು. ಧೋತರದ ಚುಂಗಿನಿಂದ ಒರೆಸತೊಡಗಿದರು. “ಓದೂದು ಬ್ಯಾರೆ. ನಾ ತಪಾಸಣಿ ಮಾಡ್ತೇನಿ. ಮೊಮ್ಮಕ್ಕಳ ಕೈಯಾಗ ಏನ ಬರ್ತದ ಅನ್ನೂದು ನೋಡಬೇಕಲಾ.”

“ಹದಿನೇಳೂ?”

“ಹಾಸಿಗಿ ಸುರಳಿ ಏನು ತಿಜೂರಿ ಅಲ್ಲ. ನೀವು ಆಡಲಿಕ್ಕೆ ಇಳದ್ರ ಎರಡು ತಾಸು ಸಿಗ್ತದ. ಮುಗದ ಮ್ಯಾಲೆ ಗುಣ ಹಾಕೇನಿ, ಹತ್ತಕ್ಕ ಇಷ್ಟು ಅಂತ. ನಲವತ್ತು ವರ್ಷದ ಚಟ. ಕೈಯಾಗ ಬಂದ ಕಾಗದಕ್ಕ ಗುಣ ಹಾಕಲಾರದ ಬಿಟ್ರ ಜೀವಕ್ಕ ಸಮಾಧಾನ ಆಗೂದಿಲ್ಲ.”

ರಘು ಅಳತೊಡಗಿದ. ಅಜ್ಜ ಗಾಬರಿಯಾದರು. ಆಗ ನಾನು ಫಲಕದ ವಿಷಯ, ಚೀಟಿಯ ವಿಷಯ, ಮೂವತ್ತೊಂದರ ವಿಷಯ ಹೇಳಿದೆ. ಮುಗಿಯುವವರೆಗೆ ಅವರು ಕನ್ನಡಕ ಹಾಕಿಕೊಳ್ಳಲಿಲ್ಲ.

“ಹೆಸರ ಹೇಳಿದವ್ರು ಯಾರು?”

“ನಾನು.”

ಬೈಯುತ್ತಾರೆಂದು ಕಾದೆ. ಅವರು ಪಾಟಿಯ ಮೇಲಿನ ಅಂಕಿಗಳನ್ನು ಅಂಗೈಯಿಂದ ಒರೆಸಿದರು.

“ಸಾಲ್ಯಾಗ ಇಂಥಾದ್ದು ಆದ್ರ ಏನ ಮಾಡ್ತಿದ್ರಿ ಅಜ್ಜಾ?”

“ಸುಳ್ಳ ಹೆಸರ ಹೇಳಿದವ್ರನ್ನ ಬಾಕಿನ ಮ್ಯಾಲೆ ನಿಂದ್ರಸ್ತಿದ್ದೆ. ಆದ್ರ ಇಲ್ಲೆ ಮೊದಲ ನಾ ನಿಂದ್ರಬೇಕು. ನನ್ನ ಕೋಟು ಎಲ್ಲೆ ಅದ ಕೇಳು ನಿಮ್ಮವ್ವಗ.”

ಆ ಸೆಕೆಯಲ್ಲಿ ಅಜ್ಜ ಕರಿ ಕೋಟು, ಕರಿ ಟೊಪ್ಪಿಗೆ ಹಾಕಿಕೊಂಡು, ಜೇಬಿನಲ್ಲಿ ರಬ್ಬರ್ ಇಟ್ಟುಕೊಂಡು, ನಮ್ಮಿಬ್ಬರನ್ನು ಹಿಂದೆ ಕಟ್ಟಿಕೊಂಡು ನೆಲಮಹಡಿಗೆ ಇಳಿದರು. ಸರಿಯಾಗಿ ನಾಲ್ಕಕ್ಕೆ ಬಾಗಿಲಲ್ಲಿ ನಿಂತು, ಹಳೆಯ ಕಾಲದ ಬೆಳಗಾವಿ ಮರಾಠಿಯಲ್ಲಿ, ಶಾಲಾ ತನಿಖಾಧಿಕಾರಿಯ ಮುಂದೆ ವರದಿ ಒಪ್ಪಿಸುವ ಹಾಗೆ ಹೇಳಿದರು: “ಬಾಯಿ, ಆ ಗುರುತುಗಳು ನನ್ನವು. ಶಿಕ್ಷೆ ಬೇರೆಯವರಿಗೆ ಆಗಿದೆ.”

ಅಜ್ಜ ಕುರ್ಚಿ ಎಳೆದು ಕೂತು, ಪುಸ್ತಕಗಳನ್ನು ಒಂದೊಂದಾಗಿ ತೆಗೆದು ಗುರುತನ್ನು ರಬ್ಬರಿನಿಂದ ಅಳಿಸತೊಡಗಿದರು. ನಾಲ್ಕನೆಯದಕ್ಕೆ ಬಂದಾಗ ಕಾಕೂ ತಡೆಯಲಾರದೆ ಕೇಳಿದರು.

“ಅದಕ್ಕೆ ಎಷ್ಟು?”

“ಐದು.”

“ಯಾಕೆ ಐದೇ?”

“ಕಥೆ ಚೆನ್ನಾಗಿದೆ. ಆದರೆ ಚಂದ್ರನ ಮೇಲೆ ಇವನ ಧ್ವಜ ಪಟಪಟ ಹಾರುತ್ತದೆ. ಅಲ್ಲಿ ಗಾಳಿ ಎಲ್ಲಿಂದ ತಂದ?”

“ಅದು ನನಗೆ ಹೊಳೆದಿರಲಿಲ್ಲ,” ಎಂದರು ಕಾಕೂ. ಆರು ಪುಸ್ತಕವಾದ ಮೇಲೆ ರಬ್ಬರನ್ನು ಅಜ್ಜನ ಕೈಯಿಂದ ತೆಗೆದುಕೊಂಡು, “ಉಳಿದವು ಇರಲಿ,” ಎಂದರು. ಕಾಕೂಗೆ ಮನಸ್ಸಿತ್ತು. ಆದರೆ ನಿಯಮವೂ ಇತ್ತು. ಎಂಬತ್ತೇಳನೆಯ ಕಾರ್ಡನ್ನು ತೆಗೆದು ನಮ್ಮೆದುರೇ ಗೀಟು ಎಳೆದರು. ಅಜ್ಜ ತಲೆಯಾಡಿಸಿ, “ಬರೋಬ್ಬರಿ,” ಎಂದರು. ಫಲಕದ ಮೇಲಿನ ಸಾಲನ್ನು ಒದ್ದೆ ಅರಿವೆಯಿಂದ ಒರೆಸಿ, ದಾಂಡೇಕರ ಕಾಕಾರ ಕಾರ್ಡನ್ನು ಕಾಕೂ ನನ್ನ ಕೈಗೆ ಕೊಟ್ಟರು. “ಹೆಸರು ತಂದವಳು ನೀನು. ಇದನ್ನೂ ನೀನೇ ಒಯ್ಯಿ.”

ನಾನು ಒಬ್ಬಳೇ ಹೋದೆ. ಅವರು ಬಾಗಿಲು ತೆರೆದರು. ನಾನು ಮೆಟ್ಟಿಲಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಅಜ್ಜ, ಅಂಕಿ, ತಪ್ಪಾಯಿತು. ಅವರು ಪೂರ್ತಿ ಕೇಳಿಸಿಕೊಂಡರು.

“ತೂ ಸಾಂಗಿತಲಂಸ್?” ಎಂದು ಕೇಳಿದರು. ನೀನು ಹೇಳಿದ್ದೇ?

“ಹೌದು.”

“ಠೀಕ್ ಆಹೇ.” ಕಾರ್ಡು ತೆಗೆದುಕೊಂಡು, ಸದ್ದಾಗದಂತೆ ಬಾಗಿಲು ಮುಂದೆ ಮಾಡಿದರು.

ಮಳೆ ಹಿಡಿಯುವ ಮೊದಲು ಅಜ್ಜ ಅಥಣಿಗೆ ಹೊರಟುಹೋದರು. ಅವರು ಕಲಿಸಿದ ‘ಳ’ದವರೆಗಿನ ಅಕ್ಷರ ಮತ್ತು ಹತ್ತರವರೆಗಿನ ಅಂಕಿಯ ಬಂಡವಾಳದ ಮೇಲೆ, ಉಳಿದದ್ದನ್ನು ಆಮೇಲೆ ನಾನೇ ಕಲಿತು, ಇದನ್ನು ಬರೆಯುತ್ತಿದ್ದೇನೆ. ಲಿಮಯೆ ಕಾಕೂರ ಮುಂದಿನ ಕೋಣೆಯಲ್ಲಿ ಈಗ ಮೊಬೈಲ್ ದುರಸ್ತಿಯ ಅಂಗಡಿ ಇದೆ. ಕೆಳಗಿನ ಎರಡು ಸಾಲು ಯಾವ ರದ್ದಿಗೆ ಹೋದವೋ ತಿಳಿಯದು. ಈಗ ನಾನು ಬೇಕಾದ ಗ್ರಹದ ಪುಸ್ತಕವನ್ನು ಕೂತಲ್ಲಿಂದಲೇ ತರಿಸಿಕೊಳ್ಳುತ್ತೇನೆ. ತಲೆ ಉಷ್ಣವಾಗುತ್ತದೆಂದು ಯಾರೂ ಹೇಳುವುದಿಲ್ಲ, ಹಾಸಿಗೆಯಲ್ಲಿ ಸುತ್ತಿಡುವ ಕಾರಣವಿಲ್ಲ. ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಪುಸ್ತಕ ಮಡಿಲಲ್ಲಿಟ್ಟುಕೊಂಡು ಕೂತಿರುತ್ತೇನೆ. ಹೇಳಬೇಕೆನಿಸುತ್ತದೆ. ಮನೆಯಲ್ಲಿ ಆ ಪುಸ್ತಕ ಓದುತ್ತಿರುವವರು ಇನ್ನೊಬ್ಬರಿರುವುದಿಲ್ಲ.

ಕಾರ್ಡು ಮರಳಿ ಸಿಕ್ಕ ಮೇಲೆ ದಾಂಡೇಕರ ಕಾಕಾ ಮತ್ತೆ ಗುರುವಾರ ಗುರುವಾರ ಪುಸ್ತಕ ತರತೊಡಗಿದರು. ಅದಾದ ಮೇಲೆ ಮೂರು ವರ್ಷ ನಾವು ಅದೇ ಬಿಲ್ಡಿಂಗಿನಲ್ಲಿದ್ದೆವು. ಅವರು ನಮ್ಮ ಸಂಗಡ ಮತ್ತೆ ಪುಸ್ತಕದ ಮಾತು ಆಡಲಿಲ್ಲ.